ಉಪ್ಪು ಬದಲಿಸುವ ಮುನ್ನ...

ನಮ್ಮ ಅತ್ತೆಯವರಿಗೆ ಬಿಪಿ ಅಂತ ಗೊತ್ತಾದ ದಿನವೇ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ತಂದಿಟ್ಟೆ. ಬಿಪಿ ಹಿಡಿತ ತಪ್ಪಿದರೆ ಹೃದಯ, ಮೆದುಳು, ಕಿಡ್ನಿ ಮೂರಕ್ಕೂ ಕುತ್ತು ತಾನೇ? ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು.

ಆದರೆ ಡಾಕ್ಟರು, "ಮೊದಲು ಕ್ರಿಯೇಟಿನಿನ್ ಟೆಸ್ಟ್ ಮಾಡಿಸಿ" ಅಂದರು. ಯಾಕೆ ಗೊತ್ತಾ? ಈ ಉಪ್ಪಿನಲ್ಲಿ ಸೋಡಿಯಂ ತಗ್ಗಿಸಿ ಪೊಟ್ಯಾಶಿಯಂ ಸೇರಿಸಿರುತ್ತಾರೆ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಶಿಯಂ ಹೆಚ್ಚಿಸುತ್ತವೆ.

ಅತ್ತೆಯವರ ಕ್ರಿಯೇಟಿನಿನ್ ಜಾಸ್ತಿಯೇ ಇತ್ತು! ಈಗ ನಮ್ಮನೆಯಲ್ಲಿ ಮಾಮೂಲಿ ಉಪ್ಪೇ, ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಹಪ್ಪಳ, ಉಪ್ಪಿನಕಾಯಿ ಹಬ್ಬಕ್ಕೆ ಮಾತ್ರ. ನೀವೂ ಡಾಕ್ಟರನ್ನು ಕೇಳಿಯೇ ಉಪ್ಪು ಬದಲಿಸಿ, ಆಯ್ತಾ?