ಮನೆಯಲ್ಲಿ ಜಿಪುಣ, ಕಚೇರಿಯಲ್ಲಿ ಕರ್ಣ!

ಮಗ ಕೋಣೆಯಿಂದ ಹೊರಬಂದರೆ ಸಾಕು, "ಫ್ಯಾನ್ ಆರಿಸೋ, ಯಾರಪ್ಪನ ಮನೆ ಗಂಟು?" ಎಂದು ಗದರುವ ಗುಮಾಸ್ತರು ಕಚೇರಿಯಲ್ಲಿ ಊಟಕ್ಕೆ ಎದ್ದಾಗ ಹತ್ತು ಫ್ಯಾನುಗಳು ಖಾಲಿ ಕುರ್ಚಿಗಳಿಗೆ ಗಾಳಿ ಬೀಸುತ್ತಿರುತ್ತವೆ.

ಲೆಕ್ಕ ಹಾಕಿ ಸ್ವಾಮಿ. ಹಳೇ ಫ್ಯಾನಿಗೆ ಸುಮಾರು 75 ವ್ಯಾಟ್. ಹತ್ತು ಫ್ಯಾನು ಒಂದು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್. 25 ದಿನಕ್ಕೆ ಹತ್ತಿರಹತ್ತಿರ 19. ಇದು ಊಟದ ಹೊತ್ತಿನದು ಮಾತ್ರ! 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆ ಮೀಟರು 200 ದಾಟದಂತೆ ಕಾಯುವವರಿಗೆ ಕಚೇರಿ ಮೀಟರು ಎಲ್ಲಿದೆಯೆಂದೇ ಗೊತ್ತಿಲ್ಲ.

ಮಾರ್ಚ್ ಬಂತೆಂದರೆ ಕೇಳಲೇಬೇಡಿ. 31ರೊಳಗೆ ಖರ್ಚಾಗದ ಅನುದಾನ ವಾಪಸು. ಉಳಿಸಿದರೆ ಮುಂದಿನ ವರ್ಷ ಕತ್ತರಿ ಬಿದ್ದೀತೆಂಬ ಭಯ ಬೇರೆ. ಉಳಿಸಿದವನಿಗೆ ಶಿಕ್ಷೆ ಅಂದ್ರೆ ಯಾರು ತಾನೇ ಉಳಿಸ್ತಾರೆ? ವರ್ಷದ ಕೊನೆಗೆ ಹೀಗೆ ಮುಗಿಬಿದ್ದು ಖರ್ಚು ಮಾಡಬಾರದೆಂದು ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲೇ ಬರೆದಿದೆ. ಆದರೂ ಬೇಡದ ಬೀರುಗಳು ಬಂದು ವರಾಂಡದಲ್ಲಿ ಧೂಳು ತಿನ್ನುತ್ತವೆ.

ಮನೆಗೊಂದು ಬೀರು ಬೇಕಾದಾಗ ಇದೇ ಗುಮಾಸ್ತರು ನಾಲ್ಕು ಅಂಗಡಿ ಸುತ್ತಿ, ಗಾಡಿ ಬಾಡಿಗೆಗೂ ಚೌಕಾಸಿ ಮಾಡಿದ್ದನ್ನು ಬಜಾರಿನವರು ಕಂಡಿದ್ದಾರೆ. ವರಾಂಡದ ಬೀರುವಿಗೆ ಹೋದ ದುಡ್ಡು ಆ ಬಜಾರಿನವರೇ ಕಟ್ಟಿದ ತೆರಿಗೆ.