ಒಂದು ಗುಲಗಂಜಿ ತೂಕ ಹೆಚ್ಚು!

ಜಾಣತನದಲ್ಲಿ ಅಣ್ಣನಿಗಿಂತ ತಮ್ಮ ‘ಒಂದು ಗುಲಗಂಜಿ ತೂಕ ಹೆಚ್ಚು’ ಎನ್ನುವುದುಂಟು. ತುಸುವೇ ಹೆಚ್ಚು ಎಂದು ಇದರರ್ಥ. ಈ ಮಾತಿನ ಮೂಲ ಅಕ್ಕಸಾಲಿಗರ ತಕ್ಕಡಿ. ಬೇಲಿಯ ಬಳ್ಳಿಯಲ್ಲಿ ಬಿಡುವ, ಕಪ್ಪು ಚುಕ್ಕೆಯ ಈ ಪುಟ್ಟ ಕೆಂಪು ಬೀಜವನ್ನಿಟ್ಟೇ ಹಿಂದೆ ಚಿನ್ನ ತೂಗುತ್ತಿದ್ದರು. ಉತ್ತರ ಭಾರತದಲ್ಲಿ ಇದೇ ‘ರತ್ತಿ’. 96 ರತ್ತಿಗೆ ಒಂದು ತೊಲ. ಅಂದರೆ ಒಂದರ ತೂಕ ಸುಮಾರು 0.12 ಗ್ರಾಂ. ಬೀಜದ ಗಟ್ಟಿ ಸಿಪ್ಪೆಯೊಳಗೆ ನೀರು ಸುಲಭವಾಗಿ ಇಳಿಯದು. ಹಾಗಾಗಿ ಮಳೆಗಾಲದಲ್ಲೂ ಅದರ ತೂಕ ಅಷ್ಟಾಗಿ ಬದಲಾಗದು.

ಆದರೆ ಅದೇ ಸಿಪ್ಪೆಯೊಳಗೆ ‘ಅಬ್ರಿನ್’ ಎಂಬ ಘೋರ ವಿಷವೂ ಅಡಗಿದೆ. ಬೀಜವನ್ನು ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಆಟದಲ್ಲಿ ಮಗು ಅದನ್ನು ಬಾಯಿಗೆ ಹಾಕಿಕೊಂಡರೆ, ವಾಂತಿ–ಭೇದಿ ಕಾಣಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾತಿನಲ್ಲಿ ಅಲ್ಪವೆನಿಸುವ ಗುಲಗಂಜಿ ಹೊಟ್ಟೆಯೊಳಗೆ ಅಲ್ಪವಲ್ಲ.