ಪಿಕಪ್ ಎತ್ತರಿಸುವ ಮೊದಲು ಒಮ್ಮೆ ತೂಗಿಸಿ

ತುರ್ಭೆಯ ಎಪಿಎಂಸಿ ಮಾರುಕಟ್ಟೆಯ ಹೊರಗೆ ಬೆಳಗಿನ ಜಾವ ನಿಂತು ಪಿಕಪ್‌ಗಳನ್ನು ಪಕ್ಕದಿಂದ ನೋಡಬೇಕು. ಖಾಲಿ ಬಂದ ಗಾಡಿ ಮೂತಿ ತಗ್ಗಿಸಿ, ಬೆನ್ನು ಎತ್ತಿ ನಿಂತಿರುತ್ತದೆ. ಅದೇ ಗಾಡಿ ಟೊಮೆಟೊ ಕ್ರೇಟು ತುಂಬಿಕೊಂಡು ಹೊರಟಾಗ ಹೆಚ್ಚುಕಡಿಮೆ ಮಟ್ಟಸ. ಹಿಂಭಾಗವನ್ನು ಕಂಪನಿ ಎತ್ತರಿಸಿಟ್ಟಿರುವುದು ಬರಲಿರುವ ಭಾರಕ್ಕೆ ಜಾಗ ಬಿಡಲೆಂದು. ಅದು ಡಿಸೈನಿನ ಕುಂದಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಘೋಡ್‌ಬಂದರ್ ರೋಡಿನ ಸೊಸೈಟಿಗಳಲ್ಲಿ ಈಗ ಮನೆಬಳಕೆಗೆಂದೇ ಇಸುಝು ವಿ-ಕ್ರಾಸ್, ಟೊಯೋಟ ಹೈಲಕ್ಸ್ ಕೊಂಡವರಿದ್ದಾರೆ. ವಿ-ಕ್ರಾಸ್ 2016ರಲ್ಲಿ ಬಂತು, ಹೈಲಕ್ಸ್ 2022ರಲ್ಲಿ. ಕೊಂಡ ಆರು ತಿಂಗಳಿಗೆ ಕೆಲವರಿಗೆ ಮುಂಭಾಗ ತಗ್ಗಾಗಿರುವುದು ಕಣ್ಣಿಗೆ ಚುಚ್ಚತೊಡಗುತ್ತದೆ. ಇತ್ತ ಡೊಂಬಿವಲಿ, ಭಿವಂಡಿ ಕಡೆ ಬೊಲೆರೊ ಪಿಕಪ್ ಓಡಿಸುವವರ ಚಿಂತೆ ಬೇರೆಯೇ: ಹಿಂದಿನ ಪಾಟಾ (ಪಟ್ಟಿಗಳ ಸ್ಪ್ರಿಂಗು) ಕುಸಿದಿದೆ, ಎತ್ತಿಸಬೇಕು. ಇಬ್ಬರೂ ಗ್ಯಾರೇಜಿಗೆ ಹೋಗಿ "ಎರಡು ಇಂಚು ಎತ್ತಿ" ಅನ್ನುತ್ತಾರೆ. ಇಬ್ಬರಿಗೂ ಒಂದೇ ಸಾಮಾನು ಹೊಂದುವುದಿಲ್ಲ.

ಹಾಗಾಗಿ ಮೊದಲ ಕೆಲಸ ಅಂಗಡಿಯಲ್ಲಲ್ಲ, ವಜನ್ ಕಾಟಾದಲ್ಲಿ. ಗಾಡಿ ದಿನನಿತ್ಯ ಹೊರುವಷ್ಟು ಸಾಮಾನು ಹಾಕಿ ತೂಗಿಸಿ. ಆಮೇಲೆ ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ಒಮ್ಮೆ, ಹಿಂದಿನವನ್ನಷ್ಟೇ ನಿಲ್ಲಿಸಿ ಇನ್ನೊಮ್ಮೆ. ನಂತರ ಮಟ್ಟಸ ನೆಲದಲ್ಲಿ, ಗಾಲಿಯ ನಡುಮಧ್ಯದಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು, ಖಾಲಿ ಇದ್ದಾಗಿನ ಅಳತೆ, ತುಂಬಿದಾಗಿನ ಅಳತೆ ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎರಡೂ ಲೆಕ್ಕ ಕೆಡಿಸುತ್ತವೆ. ಈ ಎಂಟು ಅಂಕಿಗಳಿಲ್ಲದೆ ಸ್ಪ್ರಿಂಗ್ ಆರಿಸುವುದೆಂದರೆ ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ.

ಪಾಟಾದ ಕತೆ ಮೊದಲು ನೋಡೋಣ. ನಮ್ಮ ಕಡೆ ಹೆಚ್ಚು ಕೆಡುವುದು ಅದೇ. ಪರಿಚಯದ ಕೇಟರಿಂಗಿನವರೊಬ್ಬರ ಪಿಕಪ್ಪು ಪಾತ್ರೆ, ಸಿಲಿಂಡರು, ಗ್ರೈಂಡರು ಹೊತ್ತು ಹೊತ್ತು ಹಿಂದೆ ಕುಳಿತುಬಿಟ್ಟಿತ್ತು. ಗ್ಯಾರೇಜಿನವನು ಎರಡು ದಪ್ಪ ಪಟ್ಟಿ ಹೆಚ್ಚಿಗೆ ಸೇರಿಸಿ ಕಳಿಸಿದ. "ಅಣ್ಣ, ಈಗ ನೋಡಿ ಹೇಗೆ ಎದ್ದು ನಿಂತಿದೆ" ಎಂದು ಅವರು ನನಗೆ ತೋರಿಸಿದರು. ನಿಂತಿತ್ತು, ನಿಜ. ಆದರೆ ಮದುವೆ ಮುಗಿಸಿ ಖಾಲಿ ಬರುವಾಗ ಕಲ್ಯಾಣ್-ಶೀಲ್ ರಸ್ತೆಯ ಒಂದೊಂದು ಗುಂಡಿಗೂ ಹಿಂಭಾಗ ಚೆಂಡಿನಂತೆ ನೆಗೆಯುತ್ತಿತ್ತು.

ಇದರ ಲೆಕ್ಕ ಸರಳ. ಒಂದೇ ಬಗೆಯ ಐದು ಪಟ್ಟಿಗಳ ಪಾಟಾಕ್ಕೆ ಅಂಥದ್ದೇ ಆರನೆಯದನ್ನು ಸೇರಿಸಿದರೆ ಗಡಸುತನ ಐದರಲ್ಲೊಂದು ಪಾಲು, ಅಂದರೆ ಸುಮಾರು ಶೇ. 20ರಷ್ಟು ಏರುತ್ತದೆ. ದಪ್ಪ ಹೆಚ್ಚಿಸಿದರೆ ಕತೆಯೇ ಬೇರೆ, ಏಕೆಂದರೆ ಗಡಸುತನ ದಪ್ಪದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 8 ಮಿ.ಮೀ. ಪಟ್ಟಿಯ ಜಾಗದಲ್ಲಿ 10 ಮಿ.ಮೀ. ಪಟ್ಟಿ ಹಾಕಿದರೆ ಅದೊಂದೇ ಪಟ್ಟಿ ಹೆಚ್ಚುಕಡಿಮೆ ಎರಡು ಪಟ್ಟು ಗಡಸು. ಕುಸಿದ ಪಾಟಾಕ್ಕೆ ಬೇಕಾದದ್ದು ಕಳೆದುಹೋದ ಬಾಗು, ಗಡಸುತನವಲ್ಲ. ಹಳೆಯ ಪಟ್ಟಿಯನ್ನು ಬಡಿದು ಬಾಗಿಸಿ ಕೊಡುವವರಿದ್ದಾರೆ. ಆದರೆ ಸರಿಯಾದ ಶಾಖ ಸಂಸ್ಕಾರವಿಲ್ಲದೆ ಬಾಗಿಸಿದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ಕಂಪನಿ ಅಳತೆಯ ಹೊಸ ಪಾಟಾ, ಜೊತೆಗೆ ಹೊಸ ಬುಷ್, ಹೊಸ ಯು ಬೋಲ್ಟ್ ಹಾಕಿಸುವುದೇ ಕೊನೆಗೆ ಅಗ್ಗ. ಗಾಡಿ ಇಟ್ಟ ನಾಲ್ವರಲ್ಲಿ ಮೂವರಿಗೆ ಬೇಕಾದದ್ದು ಇಷ್ಟೇ, ಲಿಫ್ಟ್ ಅಲ್ಲವೇ ಅಲ್ಲ ಎಂಬುದು ನನ್ನ ಅನಿಸಿಕೆ.

ನಿಜವಾಗಿಯೂ ಎತ್ತರ ಬೇಕಾದವರಿಗೆ ಹಿಂಭಾಗದಲ್ಲಿ ನಾಲ್ಕು ದಾರಿ. ಎಕ್ಸೆಲ್ ಮತ್ತು ಪಾಟಾದ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯು ಬೋಲ್ಟ್ ಬಿಗಿಯುವುದು ಅಗ್ಗದ್ದು. ಸ್ಪ್ರಿಂಗಿನ ಗುಣ ಬದಲಾಗದು, ಆದರೆ ಬ್ರೇಕ್ ಹಾಕಿದಾಗ, ಜೋರಾಗಿ ಎಳೆದಾಗ ಎಕ್ಸೆಲ್ ಪಾಟಾವನ್ನು ತಿರುಚುವ ಬಲ ಹೆಚ್ಚುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸಬಾರದು. ಮುಂದಿನ ಎಕ್ಸೆಲ್‌ಗಂತೂ ಬ್ಲಾಕ್ ಬೇಡವೇ ಬೇಡ. ಎರಡನೆಯದು ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್, ಉದ್ದದ್ದು ಹಾಕುವುದು: ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಏಕೆಂದರೆ ಪಾಟಾದ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ. ಮೂರನೆಯದು ಮೇಲೆ ಹೇಳಿದ ಹೆಚ್ಚುವರಿ ಪಟ್ಟಿ. ನಾಲ್ಕನೆಯದು ಪೂರ್ತಿ ಹೊಸ ಪಾಟಾ. ಓಲ್ಡ್ ಮ್ಯಾನ್ ಎಮುವಿನಂಥ ಆಸ್ಟ್ರೇಲಿಯಾದ ಬ್ರ್ಯಾಂಡುಗಳು ಇದನ್ನು ಎತ್ತರದ ಲೆಕ್ಕಕ್ಕಿಂತ ಸದಾ ಹೊರುವ ಭಾರದ ಲೆಕ್ಕದಲ್ಲಿ ವಿಂಗಡಿಸಿ ಮಾರುತ್ತವೆ. ಕಾಟಾ ಚೀಟಿ ಕೈಯಲ್ಲಿದ್ದರೆ ಆಯ್ಕೆ ಸುಲಭ. 300 ಕಿಲೋ ಸದಾ ಹೊರುವ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಹೆಂಡತಿ ಮಕ್ಕಳು ಮಾಳಶೇಜ್ ಘಾಟಿನ ಅರ್ಧಕ್ಕೇ ಬೈಯತೊಡಗುತ್ತಾರೆ.

ಮುಂಭಾಗ ಇನ್ನೂ ಸೂಕ್ಷ್ಮ. ವಿ-ಕ್ರಾಸ್, ಹೈಲಕ್ಸ್ ಎರಡರಲ್ಲೂ ಮುಂದೆ ಡಬಲ್ ವಿಷ್‌ಬೋನ್, ಕಾಯಿಲ್ ಸ್ಪ್ರಿಂಗ್, ಹಿಂದೆ ಪಾಟಾ. ತಗ್ಗಿದ ಮೂತಿಯನ್ನು ಹಿಂಭಾಗದ ಮಟ್ಟಕ್ಕೆ ತರಲು ಲೆವೆಲಿಂಗ್ ಎಂದು ಮಾರುವುದು ಬಹುಪಾಲು ಸ್ಪ್ರಿಂಗಿನ ತಲೆಯ ಮೇಲೆ ಕೂರಿಸುವ ಒಂದು ಪ್ಯಾಕಿಂಗು. ಸ್ಪ್ರಿಂಗು ಕೆಳತೋಳಿನ ನಡುಭಾಗದಲ್ಲಿ ಕೂತಿರುವುದರಿಂದ ಪ್ಯಾಕಿಂಗಿನ ದಪ್ಪಕ್ಕಿಂತ ಗಾಡಿ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು ಏಳುತ್ತದೆ. ಒಂದು ಇಂಚಿನ ಪ್ಯಾಕಿಂಗು ತಂದವನಿಗೆ ಎರಡು ಇಂಚು ಸಿಕ್ಕಾಗ ಲಾಭವಾಯಿತೆಂದು ಹಿಗ್ಗುವ ಹಾಗಿಲ್ಲ. ಮೇಲಿನ ತೋಳಿನ ಬಾಲ್ ಜಾಯಿಂಟ್ ತನ್ನ ಮಿತಿಗೆ ಹತ್ತಿರವಾಗುತ್ತದೆ, ಫೋರ್ ವ್ಹೀಲ್ ಗಾಡಿಯಾದರೆ ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ಅದರ ರಬ್ಬರ್ ಬೂಟು ಬೇಗ ಹರಿಯುತ್ತದೆ, ಕ್ಯಾಂಬರ್, ಕ್ಯಾಸ್ಟರ್ ಎರಡೂ ಬದಲಾಗುತ್ತವೆ. ಎರಡು ಇಂಚು ದಾಟುವುದಾದರೆ ಮೇಲಿನ ತೋಳುಗಳನ್ನೂ ಬದಲಿಸಬೇಕಾದೀತು. ಎಷ್ಟೇ ಎತ್ತಿಸಿದರೂ ಅಲೈನ್‌ಮೆಂಟ್ ಮಾಡಿಸದೆ ಗ್ಯಾರೇಜು ಬಿಡಬೇಡಿ.

ಶಾಕ್‌ಅಪ್ ಮರೆಯುವವರೇ ಹೆಚ್ಚು. ಸ್ಪ್ರಿಂಗ್ ಎತ್ತರ ಕೊಡುತ್ತದೆ, ಕುಣಿತ ತಡೆಯುವುದು ಶಾಕ್‌ಅಪ್. ಎತ್ತರಿಸಿದ ಗಾಡಿಗೆ ಹಳೆಯ ಅಳತೆಯದೇ ಇದ್ದರೆ ಗಾಲಿ ಗುಂಡಿಗೆ ಇಳಿದಾಗ ಅದು ಪೂರ್ತಿ ಚಾಚಿ 'ಟಣ್' ಎನ್ನುತ್ತದೆ. ಬ್ರೇಕ್ ಹೋಸ್ ಉದ್ದ ಸಾಲುತ್ತದೆಯೇ ಎಂದು ಗಾಲಿ ಇಳಿಬಿಟ್ಟು ಕಣ್ಣಾರೆ ನೋಡಿ.

ಬ್ರೇಕಿನದೇ ಇನ್ನೊಂದು ವಿಷಯವಿದೆ, ಗ್ಯಾರೇಜುಗಳಲ್ಲಿ ಅಪರೂಪಕ್ಕೂ ಯಾರೂ ಹೇಳದ್ದು. ಹಲವು ಪಿಕಪ್‌ಗಳಲ್ಲಿ ಹಿಂದಿನ ಎಕ್ಸೆಲ್‌ಗೂ ಚಾಸಿಗೂ ನಡುವೆ ಸಣ್ಣ ಸರಳಿನಿಂದ ಜೋಡಿಸಿದ, ಎಲ್‌ಎಸ್‌ಪಿವಿ ಎಂಬ ವಾಲ್ವ್ ಇರುತ್ತದೆ. ಭಾರ ಬಿದ್ದು ಚಾಸಿ ಕೆಳಗಿಳಿದರೆ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಚಾಸಿ ಮೇಲಿದ್ದರೆ ಗಾಡಿ ಖಾಲಿ ಎಂದು ತಿಳಿದು ಕಡಿಮೆ ಬಿಡುತ್ತದೆ. ಬ್ಲಾಕ್ ಹಾಕಿ ಎತ್ತಿದರೆ, ಗಡಸು ಪಟ್ಟಿ ಸೇರಿಸಿದರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದೇ ಬಗೆಯುತ್ತದೆ. ಕಸಾರಾ ಘಾಟ್ ಇಳಿಯುವಾಗ ಹಿಂದಿನ ಬ್ರೇಕು ಸೋಮಾರಿಯಾಗುವುದು ಹೀಗೆ. ಎತ್ತಿದಷ್ಟಕ್ಕೆ ಸರಿಯಾಗಿ ಆ ವಾಲ್ವಿನ ಬ್ರಾಕೆಟನ್ನೂ ಹೊಂದಿಸಬೇಕು. "ಎಲ್‌ಎಸ್‌ಪಿವಿ ಸೆಟ್ ಮಾಡ್ತೀರಾ?" ಎಂದು ಕೇಳಿ. ಮುಖ ಮುಖ ನೋಡಿದರೆ ಆ ಗ್ಯಾರೇಜು ಬೇಡ.

ಮಳೆನೀರಿಗೆಂದು ಎತ್ತಿಸುವವರಿಗೆ ಒಂದು ಮಾತು. ಸಸ್ಪೆನ್ಷನ್ ಲಿಫ್ಟಿನಿಂದ ಚಾಸಿ, ಎಂಜಿನ್ ಏಳುತ್ತವೆ. ಹಿಂದಿನ ಎಕ್ಸೆಲ್, ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತವೆ. ಅವು ಏಳಬೇಕಾದರೆ ಟೈರು ದೊಡ್ಡದಾಗಬೇಕು. ಹೈಲಕ್ಸ್ ಹೇಗೂ 700 ಮಿ.ಮೀ. ನೀರು ದಾಟಬಲ್ಲದು ಎಂದು ಕಂಪನಿಯೇ ಹೇಳಿಕೊಂಡಿದೆ. ಅದಕ್ಕಿಂತ ಆಳದ ನೀರು ನಿಂತ ದಿನ ಮನೆಯಲ್ಲಿರುವುದು ಒಳ್ಳೆಯದು.

ಕಾನೂನು ಚಿಕ್ಕದು, ಆದರೆ ಕಟುವಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ನಮೂದಿಸಿದ್ದಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿತು. ಅದೇ ವರ್ಷ ಸೇರಿದ 182ಎ ಸೆಕ್ಷನ್‌ನಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಪಟ್ಟಿ ಸೇರಿಸಿದ ಮಾತ್ರಕ್ಕೆ 1.7 ಟನ್ನಿನ ಪಿಕಪ್ಪು 2.5 ಟನ್ನಿನದಾಗುವುದೂ ಇಲ್ಲ. ಓವರ್‌ಲೋಡಿಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮೇಲೆ 2,000. ಎಂಎಚ್ 04 ಇರಲಿ, 05 ಇರಲಿ, 43 ಇರಲಿ, ಪಾಸಿಂಗಿಗೆ ಹೋಗುವ ಗಾಡಿಯಾದರೆ ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ಎಲ್ಲ ಮುಗಿಸಿ ಕೂರಿಸಿದ ಮೇಲೆ ರಾತ್ರಿ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟ್ ಇಳಿಸಿಕೊಳ್ಳಿ. ಮೂತಿ ಎದ್ದ ಗಾಡಿಯ ಬೆಳಕು ಎದುರಿನವನ ಕಣ್ಣಿಗೇ ಹೊಡೆಯುತ್ತದೆ. 500 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಬೇಕು. ಹೊಸ ಪಾಟಾ ಕೂತುಕೊಳ್ಳುವಾಗ ಅವು ಸಡಿಲಾಗುತ್ತವೆ.